ಮನೆಯೊಳಗಿನ ಆಕಾಶ
(ನಮ್ಮ ಕೂಟದ ಉಪನ್ಯಾಸ ಮಾಲೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ವೃತ್ತಿಯಿಂದ ನಾನು ವೈದ್ಯ. ಖಗೋಳಶಾಸ್ತ್ರವನ್ನು ಕ್ರಮವಾಗಿ ಅಭ್ಯಾಸ ಮಾಡಿದವನಲ್ಲ. ಆದರೂ ಆಕಾಶದ ವಿಚಾರವಾಗಿ ತಮ್ಮ ಮುಂದೆ ನಿಲ್ಲಲು ಕಾರಣವಾದದ್ದು ಒಂದು ಕೂಟ. ಈ ಕನ್ನಡ ಕೂಟವಲ್ಲ. 1962ರ ಫೆಬ್ರವರಿಯ ಅಷ್ಟಗ್ರಹ ಕೂಟ.

ಸಭೆಯಲ್ಲಿರುವ ಹಿರಿಯರಿಗೆ ಆ ಹೆಸರು ನೆನಪಿರಬಹುದು. ಸೂರ್ಯ, ಚಂದ್ರ, ಬುಧ, ಶುಕ್ರ, ಕುಜ, ಗುರು, ಶನಿಗಳೊಡನೆ ಕೇತುವೂ ಮಕರ ರಾಶಿಯಲ್ಲಿ ಸೇರುವುದರಿಂದ ಪ್ರಳಯವೇ ಆಗುವುದೆಂಬ ಭಯ ಭಾರತದಲ್ಲಿ ಹಬ್ಬಿತ್ತು. ಅಲ್ಲಲ್ಲಿ ಹೋಮ, ಜಪ, ಭಜನೆಗಳು ನಡೆದವು. ಆಗ ಹದಿನಾಲ್ಕು ವರ್ಷದವರಾಗಿದ್ದ ನನ್ನ ತಾಯಿ ಹಾಸನದ ಬಳಿಯ ಹಳ್ಳಿಯೊಂದರಲ್ಲಿದ್ದರು. ಮನೆ ಕುಸಿದೀತೆಂದು ಹೆದರಿ ಮನೆಮಂದಿಯೆಲ್ಲ ಮೂರು ರಾತ್ರಿ ಅಂಗಳದಲ್ಲಿ ಮಲಗಿದರಂತೆ. ಮನೆ ಕುಸಿಯಲಿಲ್ಲ. ಆದರೆ ಉಬ್ಬಸದಿಂದ ನರಳುತ್ತಿದ್ದ ನನ್ನ ತಾಯಿಯ ಅಜ್ಜಿಗೆ ಆ ಚಳಿಯಲ್ಲಿ ಜ್ವರ ಹಿಡಿಯಿತು. ಶಿವರಾತ್ರಿಗೆ ಮೊದಲೇ ಅವರು ತೀರಿಕೊಂಡರು. ಚಳಿಯೇ ಕಾರಣವೆಂದು ವೈದ್ಯನಾಗಿ ನಾನು ಖಚಿತವಾಗಿ ಹೇಳಲಾರೆ. ಅವರನ್ನು ಅಂಗಳಕ್ಕೆ ಎತ್ತಿ ತಂದದ್ದು ಗ್ರಹಗಳಲ್ಲ, ಭಯ ಎಂದು ಮಾತ್ರ ಹೇಳಬಲ್ಲೆ.

ಇಂಥದೇ ಭಯ ಸುಮಾರು ಎರಡು ಶತಮಾನಗಳ ಹಿಂದೆ ಯೂರೋಪಿನಲ್ಲಿಯೂ ತಲೆದೋರಿತ್ತು. 1774ರ ಮೇ 8ರಂದು ಬುಧ, ಶುಕ್ರ, ಮಂಗಳ, ಗುರು ಮತ್ತು ಚಂದ್ರ ಆಕಾಶದಲ್ಲಿ ಒಂದೆಡೆ ಕೂಡುವವೆಂದೂ ಅದರಿಂದ ಭೂಮಿಗೆ ಅಪಾಯವೆಂದೂ ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್ ಪ್ರಾಂತದ ಪಾದ್ರಿ ಎಲ್ಕೊ ಆಲ್ಟಾ ಒಂದು ಕಿರುಪುಸ್ತಕ ಬರೆದರು. ಜನ ಗಾಬರಿಗೊಂಡರು. ಅದೇ ಪ್ರಾಂತದ ಫ್ರಾನೆಕರ್ ಎಂಬ ಊರಿನಲ್ಲಿ ಐಸೆ ಐಸಿಂಗ ಎಂಬಾತನಿದ್ದ. ಉಣ್ಣೆ ಬಾಚುವುದು ಅವನ ಕಸುಬು. ಗಣಿತ ಅವನ ಗೀಳು. ಗ್ರಹಗಳು ಹೇಗೆ ಚಲಿಸುತ್ತವೆಂಬುದನ್ನು ಜನರು ಕಣ್ಣಾರೆ ಕಂಡರೆ ಭಯ ತೊಲಗುವುದೆಂದು ಬಗೆದು, ಆತ ತನ್ನ ಮನೆಯ ಹಜಾರದ ಮಾಳಿಗೆಗೇ ಸೌರಮಂಡಲವನ್ನು ಜೋಡಿಸಲು ತೊಡಗಿದ.

ಏಳು ವರ್ಷಗಳ ಬಳಿಕ, 1781ರಲ್ಲಿ, ಆ ಕೆಲಸ ಮುಗಿಯಿತು. ಮರದ ಚಕ್ರಗಳಿಗೆ ಹಲ್ಲುಗಳಾಗಿ ಬಡಿದ ಸಾವಿರಾರು ಕಬ್ಬಿಣದ ಮೊಳೆಗಳು, ಮನೆಯವರು ಮಲಗುವ ಗೂಡುಮಂಚದ ಮೇಲೆ ತೂಗುವ ಲೋಲಕ, ಹತ್ತು ಲಕ್ಷ ಕಿಲೋಮೀಟರಿಗೆ ಒಂದು ಮಿಲಿಮೀಟರಿನ ಅಳತೆ! ಭೂಮಿ ಒಂದು ವರ್ಷದಲ್ಲಿ ಸುತ್ತಿ ಬಂದರೆ ಶನಿಗೆ ಇಪ್ಪತ್ತೊಂಬತ್ತು ವರ್ಷಕ್ಕೂ ಹೆಚ್ಚು ಬೇಕು. ಸಾಮಾನ್ಯನ ಸಂಸಾರದ ನಡುವೆ ಓಡತೊಡಗಿದ ಈ ಯಂತ್ರ ಇಂದಿಗೂ ಓಡುತ್ತಿದೆ. 2023ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಪ್ಪತ್ತನೆಯ ಶತಮಾನದಲ್ಲಿ ಆಕಾಶ ಮನೆಯಿಂದ ಸಾರ್ವಜನಿಕ ಭವನಕ್ಕೆ ಸ್ಥಳಾಂತರಗೊಂಡಿತು. ಜರ್ಮನಿಯ ಕಾರ್ಲ್ ಜೈಸ್ ಸಂಸ್ಥೆಯ ವಾಲ್ಟರ್ ಬಾವರ್ಸ್‌ಫೆಲ್ಡ್ ರೂಪಿಸಿದ ಪ್ರಕ್ಷೇಪಕ ಯಂತ್ರ 1923ರಲ್ಲಿ ಮ್ಯೂನಿಕ್‌ನಲ್ಲಿ ಪ್ರದರ್ಶನಗೊಂಡು, 1925ರ ಮೇ ತಿಂಗಳಿಂದ ಅಲ್ಲಿನ ಡಾಯ್ಚಸ್ ಮ್ಯೂಸಿಯಂನಲ್ಲಿ ನೆಲೆಗೊಂಡಿತು. ಅದು ಸುಮಾರು 4,500 ನಕ್ಷತ್ರಗಳನ್ನು ಗುಮ್ಮಟದ ಒಳಮೈ ಮೇಲೆ ಮೂಡಿಸುತ್ತಿತ್ತು. ಆದರೆ ಆ ಮೊದಲ ಯಂತ್ರಕ್ಕೆ ಒಂದು ಮಿತಿಯಿತ್ತು: ಅದು ಒಂದೇ ಅಕ್ಷಾಂಶದ ಆಕಾಶವನ್ನು ತೋರಬಲ್ಲದಾಗಿತ್ತು. ನಮ್ಮ ಚಿಕಾಗೊದ ಆಡ್ಲರ್ ತಾರಾಲಯ 1930ರಲ್ಲಿಯೂ ಬೆಂಗಳೂರಿನ ನೆಹರೂ ತಾರಾಲಯ 1989ರಲ್ಲಿಯೂ ಆರಂಭವಾದವು.

ಆಕಾಶ ಮರಳಿ ಮನೆಗೆ ಬಂದದ್ದು ಗಣಕಯಂತ್ರದ ಮೂಲಕ. ನಾನು 1997ರಲ್ಲಿ ರೆಸಿಡೆನ್ಸಿಗೆಂದು ಈ ದೇಶಕ್ಕೆ ಬಂದಾಗ, ರಾತ್ರಿಪಾಳಿಯ ಸಹೋದ್ಯೋಗಿಯೊಬ್ಬರು ಒಂದು ಫ್ಲಾಪಿ ಕೊಟ್ಟರು. ಅದರಲ್ಲಿದ್ದುದು ಸ್ಕೈಗ್ಲೋಬ್ ಎಂಬ ಪುಟ್ಟ ತಂತ್ರಾಂಶ. ಮೊದಲು ಬಳಸಿ ನೋಡಿ, ಹಿಡಿಸಿದರೆ ಹಣ ಕಳುಹಿಸುವ ಬಗೆಯದು. 1993ರಲ್ಲಿ ರೆಡ್‌ಶಿಫ್ಟ್ ಸಿ.ಡಿ.ಯಲ್ಲಿ ಬಂದಿತ್ತು. ಸ್ಟಾರಿ ನೈಟ್ ಕೂಡ ಅದೇ ದಶಕದ್ದು. 2000ದಲ್ಲಿ ಫ್ರಾನ್ಸಿನ ಫಾಬಿಯೆನ್ ಶೆರೋ ಆರಂಭಿಸಿದ ಸ್ಟೆಲೇರಿಯಂ ಉಚಿತವಾಗಿಯೇ ದೊರೆಯುತ್ತದೆ. ಮೂಲ ಪ್ರತಿಯಲ್ಲಿಯೇ ಆರು ಲಕ್ಷಕ್ಕೂ ಹೆಚ್ಚು ನಕ್ಷತ್ರಗಳಿವೆ.

ಇವುಗಳ ಒಳಗುಟ್ಟು ಸರಳವಾದುದು. ಊರಿಗೆ ಅಕ್ಷಾಂಶ, ರೇಖಾಂಶಗಳಿರುವಂತೆ ಪ್ರತಿ ನಕ್ಷತ್ರಕ್ಕೂ ಆಕಾಶದಲ್ಲಿ ಎರಡು ಅಂಕಿಗಳ ವಿಳಾಸವಿದೆ. ಯೂರೋಪಿನ ಹಿಪ್ಪಾರ್ಕಸ್ ಉಪಗ್ರಹ ಅಳೆದ 1,18,218 ನಕ್ಷತ್ರಗಳ ನಿಖರವಾದ ಪಟ್ಟಿ 1997ರಲ್ಲಿ ಪ್ರಕಟವಾಯಿತು. ಗ್ರಹಗಳ ಸ್ಥಾನವನ್ನು ಗುಣಿಸುವ ವಿಧಾನಗಳನ್ನು ಬೆಲ್ಜಿಯಂನ ಜಾನ್ ಮೀಯುಸ್ 1991ರ ತಮ್ಮ ಗ್ರಂಥದಲ್ಲಿ ಹವ್ಯಾಸಿಗಳಿಗೂ ಎಟುಕುವಂತೆ ಬಿಡಿಸಿಟ್ಟರು. ದಿನ, ಗಳಿಗೆ, ಸ್ಥಳಗಳನ್ನು ನಾವು ತಿಳಿಸಿದರೆ ಉಳಿದ ಲೆಕ್ಕವನ್ನೆಲ್ಲ ಗಣಕಯಂತ್ರ ಕ್ಷಣಮಾತ್ರದಲ್ಲಿ ಮುಗಿಸುತ್ತದೆ. ಮ್ಯೂನಿಕ್‌ನ ಯಂತ್ರಕ್ಕೆ ಸಾಧ್ಯವಾಗದಿದ್ದ ಊರು ಬದಲಾವಣೆ ಇಲ್ಲಿ ಮಕ್ಕಳಾಟ.

2009ರಲ್ಲಿ ನನ್ನ ತಾಯಿ ನಮ್ಮಲ್ಲಿಗೆ ಬಂದಿದ್ದರು. ಅಷ್ಟಗ್ರಹದ ಕಥೆಯನ್ನು ಕೇಳಿದ ನನ್ನ ಮಗಳು, "ಅಜ್ಜಿ, ಆ ದಿನವನ್ನೇ ನೋಡೋಣ ಬನ್ನಿ" ಎಂದು ಅವರನ್ನು ಕೈಹಿಡಿದು ಕರೆತಂದಳು. ಊರು ಹಾಸನ, ದಿನ 5 ಫೆಬ್ರವರಿ 1962, ಹೊತ್ತು ನಡುಹಗಲು. ತೆರೆಯ ಮೇಲೆ ನೀಲಿ ಆಕಾಶ, ಅದರಲ್ಲಿ ಸೂರ್ಯನೊಬ್ಬನೇ. ಮಗಳು ಕೀಲಿಯೊಂದನ್ನು ಒತ್ತಿ ವಾಯುಮಂಡಲವನ್ನು ಮರೆಮಾಡಿದಳು. ಆಗ ಸೂರ್ಯನ ಸುತ್ತ, ಸುಮಾರು 16 ಡಿಗ್ರಿಗಳ ಹರವಿನೊಳಗೆ, ಚಂದ್ರ ಮತ್ತು ಐದು ಗ್ರಹಗಳು ಕಾಣಿಸಿಕೊಂಡವು. ಕೇತು ಕಾಣಲಿಲ್ಲ, ಅದು ಕಾಯವಲ್ಲ, ಚಂದ್ರನ ಹಾದಿ ಸೂರ್ಯನ ಹಾದಿಯನ್ನು ಅಡ್ಡ ಹಾಯುವ ಒಂದು ಬಿಂದು. ಗುರುವಿನ ಮೇಲೆ ಕ್ಲಿಕ್ಕಿಸಿದರೆ ದೂರ ಸುಮಾರು 90 ಕೋಟಿ ಕಿಲೋಮೀಟರು. ಶನಿಯದು ಸುಮಾರು 160 ಕೋಟಿ. ಕೂಟವೆಂಬುದು ನಮ್ಮ ಕಣ್ಣಿನ ನೇರಕ್ಕೆ ಮಾತ್ರ. ಗುರು, ಶನಿಗಳ ನಡುವೆಯೇ ಸುಮಾರು 70 ಕೋಟಿ ಕಿಲೋಮೀಟರುಗಳ ಅಂತರ.

ತಾಯಿ ಬಹಳ ಹೊತ್ತು ನೋಡಿದರು. "ಇವು ಬಿಸಿಲಲ್ಲಿ ಮುಚ್ಚಿಹೋಗಿದ್ದವಲ್ಲೋ. ಯಾರ ಕಣ್ಣಿಗೂ ಬಿದ್ದಿರಲೇ ಇಲ್ಲ" ಎಂದರು. ಸ್ವಲ್ಪ ತಡೆದು, "ಅಜ್ಜಿಗೆ ಇದನ್ನು ತೋರಿಸಬೇಕಿತ್ತು" ಎಂದರು.

ಇಲ್ಲಿ ಒಂದು ನ್ಯಾಯದ ಮಾತನ್ನು ಹೇಳಲೇಬೇಕು. ಅಂದಿನ ಪಂಚಾಂಗಗಳ ಗಣಿತ ಸುಳ್ಳಾಗಿರಲಿಲ್ಲ. ಕೂಟ ಹೇಳಿದ ದಿನವೇ ಕೂಡಿತು. ಆ ಅಮಾವಾಸ್ಯೆಯಂದು ನ್ಯೂಗಿನಿ ಮತ್ತು ಪೆಸಿಫಿಕ್ ಸಾಗರದ ಕಡೆ ಪೂರ್ಣ ಸೂರ್ಯಗ್ರಹಣವೂ ಆಯಿತು. ಸುಳ್ಳಾದದ್ದು ಜನರು ಅದಕ್ಕೆ ಹಚ್ಚಿದ ಫಲ. 1774ರಲ್ಲಿ ಆದದ್ದೂ ಅದೇ. ರೋಗಿಗೆ ಎಕ್ಸ್‌-ರೇ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಮುಖದ ಬಿಗುಪು ಸಡಿಲವಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕಾಣದ ವಸ್ತು ಮನಸ್ಸಿನಲ್ಲಿ ಬೆಳೆಯುತ್ತ ಹೋಗುತ್ತದೆ. ಕಂಡ ವಸ್ತುವಿಗೆ ಒಂದು ಅಳತೆ ಬರುತ್ತದೆ. ಐಸಿಂಗ ಅರಿತಿದ್ದುದು ಇದನ್ನೇ.

ಪರದೇಶದಲ್ಲಿರುವ ನಮಗೆ ಈ ತಂತ್ರಾಂಶದಿಂದ ಇನ್ನೊಂದು ಲಾಭವಿದೆ. ಊರಿನ ಚಳಿಗಾಲದ ಸಂಜೆಗಳಲ್ಲಿ ತೆಂಕಣ ದಿಕ್ಕಿನಲ್ಲಿ ಹೊಳೆಯುವ ಅಗಸ್ತ್ಯ ನಕ್ಷತ್ರ ಸುಮಾರು 42 ಡಿಗ್ರಿ ಉತ್ತರದಲ್ಲಿರುವ ಚಿಕಾಗೊದಲ್ಲಿ ಎಂದೂ ಉದಯಿಸುವುದಿಲ್ಲ. ಹಾಸನದಲ್ಲಿ ಅದು ದಿಗಂತದಿಂದ 24 ಡಿಗ್ರಿಯವರೆಗೆ ಏರುತ್ತದೆ. ಅಲ್ಲಿ ಕೇವಲ 13 ಡಿಗ್ರಿ ಎತ್ತರದಲ್ಲಿರುವ ಧ್ರುವ ಇಲ್ಲಿ 42 ಡಿಗ್ರಿ ಮೇಲಿದೆ. ನಾವು ಎಷ್ಟು ದೂರ ಬಂದಿದ್ದೇವೆಂಬುದನ್ನು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಯಾವ ಭೂಪಟ ತಿಳಿಸೀತು?

ಆದುದರಿಂದ ತಮ್ಮಲ್ಲಿ ನನ್ನ ಬಿನ್ನಹ ಇಷ್ಟೆ. ಒಂದು ಸಂಜೆ ಮಕ್ಕಳನ್ನೂ, ಊರಿನಿಂದ ಬಂದ ಹಿರಿಯರನ್ನೂ ಗಣಕಯಂತ್ರದ ಮುಂದೆ ಕೂರಿಸಿಕೊಳ್ಳಿ. ಹಿರಿಯರು ಹುಟ್ಟಿದ ಊರಿನ ಹೆಸರನ್ನೂ ಅವರಿಗೆ ನೆನಪಿರುವ ಒಂದು ರಾತ್ರಿಯನ್ನೂ ಕೇಳಿ, ಆ ಆಕಾಶವನ್ನು ತೆರೆಯಿರಿ. ಅನಂತರ ಯಂತ್ರವನ್ನು ಆರಿಸಿ, ಕೋಟು ತೊಟ್ಟು ಹಿತ್ತಲಿಗೆ ಹೋಗಿ ನಿಜವಾದ ಆಕಾಶವನ್ನು ನೋಡಿ. ನನ್ನ ತಾಯಿಯ ಅಜ್ಜಿಗೆ ಅಂಗಳದಲ್ಲಿ ಮೂರು ರಾತ್ರಿ ಅದೇ ಆಕಾಶ ಕಾಣುತ್ತಿತ್ತು. ಅದನ್ನು ನಿರ್ಭಯವಾಗಿ ನೋಡುವ ಭಾಗ್ಯ ಅವರಿಗಿರಲಿಲ್ಲ. ನಮ್ಮ ಮಕ್ಕಳಿಗೆ ಅದಿರಲಿ.