ರೆಪ್ಪೆಯ ಶಸ್ತ್ರಚಿಕಿತ್ಸೆ: ಸುಶ್ರುತನಿಂದ ದುಬೈವರೆಗೆ

ಮಕ್ಕಳನ್ನು ಹೇಗೆ ಸಾಕಿದಿರಿ ಎಂದು ಊರಿನ ಹಿರಿಯರನ್ನು ಕೇಳಿದರೆ ‘ಕಣ್ಣನ್ನು ರೆಪ್ಪೆ ಕಾದ ಹಾಗೆ’ ಎನ್ನುತ್ತಾರೆ. ದೇವತೆಗಳು ಅನಿಮಿಷರು, ಅವರಿಗೆ ರೆಪ್ಪೆ ಬಡಿಯುವ ಕೆಲಸವಿಲ್ಲ. ನಮ್ಮ ರೆಪ್ಪೆಗಳ ಮೇಲೆ ಮಾತ್ರ ನಿಮಿ ಮಹಾರಾಜ ವಾಸವಾಗಿದ್ದಾನೆ, ಅದಕ್ಕೇ ನಾವು ಕಣ್ಣು ಮಿಟುಕಿಸುತ್ತೇವೆ ಎಂದು ಪುರಾಣ ಹೇಳುತ್ತದೆ. ಕಥೆ ಹೇಗೇ ಇರಲಿ, ರೆಪ್ಪೆಯ ಕೆಲಸ ಕಾವಲಿನದು ಎಂಬುದನ್ನು ನಮ್ಮವರು ಚೆನ್ನಾಗಿ ಬಲ್ಲರು.

ಆ ಕಾವಲುಗಾರನಿಗೇ ಕತ್ತರಿ ಹಾಕಿ ಚಂದಗೊಳಿಸುವ ಚಿಕಿತ್ಸೆಯ ಜಾಹೀರಾತುಗಳನ್ನು ದುಬೈ, ಅಬುಧಾಬಿಗಳಲ್ಲಿ ನಾವೆಲ್ಲ ನೋಡುತ್ತೇವೆ. ನಲವತ್ತು ಐವತ್ತು ದಾಟಿದ ಸದಸ್ಯರು ನಮ್ಮ ಕೂಟಗಳಲ್ಲಿ ‘ರೆಪ್ಪೆ ಜೋತುಬಿದ್ದಿದೆ, ಕಣ್ಣ ಕೆಳಗೆ ಚೀಲ ಬಂದಿದೆ, ಮಾಡಿಸಿಕೊಳ್ಳಬಹುದೇ?’ ಎಂದು ಮೆಲ್ಲಗೆ ವಿಚಾರಿಸುವುದೂ ಉಂಟು. ಮಾಡಿಸಿ ಅಥವಾ ಬೇಡ ಎಂದು ಹೇಳುವುದು ವೈದ್ಯರ ಕೆಲಸ. ಆದರೆ ಈ ಚಿಕಿತ್ಸೆ ನಡೆದು ಬಂದ ದಾರಿಯನ್ನು ತಿಳಿದುಕೊಂಡರೆ ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕೆಂಬುದು ನಮಗೆ ಗೊತ್ತಾಗುತ್ತದೆ. ಆ ದಾರಿ ನಮ್ಮ ದೇಶವನ್ನೂ ಅರಬರ ನಾಡನ್ನೂ ಹಾದು ಬಂದಿದೆ. ನಡುವೆ ಮೈಸೂರಿನ ಯುದ್ಧದ ಸುದ್ದಿಯೂ ಬರುತ್ತದೆ.

ಜವೆಗೋಧಿಯ ಕಾಳಿನಷ್ಟು

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ‘ಪಕ್ಷ್ಮಕೋಪ’ ಎಂಬ ರೋಗದ ಚಿಕಿತ್ಸೆ ಇದೆ. ರೆಪ್ಪೆಯ ಕೂದಲು ಒಳಕ್ಕೆ ತಿರುಗಿ ಕಣ್ಣುಗುಡ್ಡೆಯನ್ನು ಉಜ್ಜುವ ರೋಗ ಇದು. ಹುಬ್ಬಿನ ಕೆಳಗೆ ಎರಡು ಪಾಲು, ರೆಪ್ಪೆಗೂದಲಿನ ಬದಿಗೆ ಒಂದು ಪಾಲು ಬಿಟ್ಟು, ನಡುವೆ ಜವೆಗೋಧಿಯ ಕಾಳಿನ ಆಕಾರದಲ್ಲಿ ಚರ್ಮ ತೆಗೆಯಬೇಕು, ಕೂದಲಿನಿಂದ ಹೊಲಿಯಬೇಕು, ಜೇನನ್ನೂ ತುಪ್ಪವನ್ನೂ ಹಚ್ಚಬೇಕು, ಹಣೆಗೆ ಪಟ್ಟಿ ಕಟ್ಟಿ ಹೊಲಿಗೆಯನ್ನು ಅದಕ್ಕೆ ಬಿಗಿಯಬೇಕು ಎಂಬುದು ಅಲ್ಲಿನ ಕ್ರಮ. ಎಷ್ಟು ತೆಗೆಯಬೇಕು ಎನ್ನುವುದಕ್ಕಿಂತ ಮೊದಲು ಎಷ್ಟು ಬಿಡಬೇಕು ಎಂದು ಹೇಳಿರುವುದನ್ನು ನಾವು ಗಮನಿಸಬೇಕು.

ಮೊಲದ ಕಣ್ಣು

ರೋಮಿನಲ್ಲಿ ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಸೆಲ್ಸಸ್ ಎಂಬಾತ ಲ್ಯಾಟಿನ್ ಭಾಷೆಯಲ್ಲಿ ವೈದ್ಯಗ್ರಂಥ ಬರೆದ. ಮೇಲಿನ ರೆಪ್ಪೆಯ ಚರ್ಮ ತೆಗೆಯುವ ವಿಧಾನವನ್ನು ಅವನೂ ವಿವರಿಸಿದ್ದಾನೆ. ಹೆಚ್ಚು ಚರ್ಮ ತೆಗೆದರೆ ಕಣ್ಣು ಪೂರ್ತಿ ಮುಚ್ಚುವುದೇ ಇಲ್ಲ ಎಂಬ ಎಚ್ಚರಿಕೆಯೂ ಅವನಲ್ಲಿದೆ. ಮೊಲ ಕಣ್ಣು ತೆರೆದೇ ನಿದ್ರಿಸುತ್ತದೆ ಎಂಬ ನಂಬಿಕೆಯಿಂದ ಗ್ರೀಕರು ಈ ಸ್ಥಿತಿಗೆ ‘ಮೊಲದ ಕಣ್ಣು’ ಎಂದು ಹೆಸರಿಟ್ಟಿದ್ದರು. ಲ್ಯಾಗೋಫ್ಥಾಲ್ಮಸ್ ಎಂಬ ಆ ಹೆಸರನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಇಂದಿಗೂ ಈ ಶಸ್ತ್ರಚಿಕಿತ್ಸೆಯಲ್ಲಿ ಅಂಜಬೇಕಾದ ತೊಂದರೆಗಳಲ್ಲಿ ಇದೂ ಒಂದು.

ಬಾಗ್ದಾದಿನ ಕಣ್ಣಿನ ವೈದ್ಯರು

ಹಾರೂನ್ ಅಲ್ ರಶೀದನ ಕಾಲದಲ್ಲಿ ಅವನ ಮಂತ್ರಿ ಯಾಹ್ಯಾ ಬರ್ಮಕಿಯ ಆಜ್ಞೆಯಂತೆ ಮಂಕ ಎಂಬ ಭಾರತೀಯ ವೈದ್ಯ ಸುಶ್ರುತನ ಗ್ರಂಥವನ್ನು ಅರಬ್ಬಿಗೆ ತಂದನೆಂದು ಇಬ್ನ್ ಅಲ್ ನದೀಮ್ ದಾಖಲಿಸಿದ್ದಾನೆ. ಅರಬ್ಬಿಯಲ್ಲಿ ಕಾಡಿಗೆಗೆ ‘ಕುಹ್ಲ್’ ಎನ್ನುತ್ತಾರೆ. ಕಣ್ಣಿನ ವೈದ್ಯನಿಗೆ ಅದರಿಂದಲೇ ‘ಕಹ್ಹಾಲ್’ ಎಂಬ ಹೆಸರು ಬಂತು. ಬಾಗ್ದಾದಿನ ಅಲಿ ಇಬ್ನ್ ಈಸಾ ಬರೆದ ‘ತಝ್ಕಿರತ್ ಅಲ್ ಕಹ್ಹಾಲೀನ್’ ಗ್ರಂಥದಲ್ಲಿ ನೂರಕ್ಕೂ ಹೆಚ್ಚು ನೇತ್ರರೋಗಗಳ ವಿವರವಿದೆ, ರೆಪ್ಪೆಯ ರೋಗಗಳೂ ಅದರಲ್ಲಿ ಸೇರಿವೆ.

ಸ್ಪೇನಿನ ಕಾರ್ಡೋಬಾದ ಅಲ್ ಝಹ್ರಾವಿ (ಮರಣ ೧೦೧೩) ರೆಪ್ಪೆಯನ್ನು ಎತ್ತುವ ಹಲವು ವಿಧಾನಗಳನ್ನು ಕೊಟ್ಟಿದ್ದಾನೆ: ಕಾಸಿದ ಕಬ್ಬಿಣ, ಸುಡುವ ಔಷಧಿ, ಕತ್ತರಿಸಿ ಹೊಲಿಗೆ, ಮತ್ತು ಹೆಚ್ಚಿನ ಚರ್ಮವನ್ನು ಎರಡು ಜೊಂಡಿನ ಕಡ್ಡಿಗಳ ನಡುವೆ ಬಿಗಿದು ಅದು ಒಣಗಿ ಬೀಳುವಂತೆ ಮಾಡುವುದು. ಮೊದಲು ಶಾಯಿಯಿಂದ ಎಲೆಯ ಆಕಾರದ ಗುರುತು ಹಾಕಿಕೊಳ್ಳಬೇಕೆಂದೂ ಹೇಳಿದ್ದಾನೆ. ಇಂದಿನ ವೈದ್ಯರೂ ಮೊದಲು ಪೆನ್ನಿನಿಂದ ಗುರುತು ಹಾಕಿಯೇ ಕೈಗೆ ಶಸ್ತ್ರ ತೆಗೆದುಕೊಳ್ಳುತ್ತಾರೆ.

ಮೈಸೂರಿನ ಯುದ್ಧದಿಂದ ಬರ್ಲಿನ್ನಿಗೆ

ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೆರೆಯಾಗಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ೧೭೯೪ರ ಅಕ್ಟೋಬರಿನಲ್ಲಿ ಬರೆಯಿತು. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗು ಮಾಡಿಕೊಟ್ಟಿದ್ದ. ಇದನ್ನು ಓದಿ ಯುರೋಪಿನ ವೈದ್ಯರು ಬೆರಗಾದರು. ೧೮೧೪ರಲ್ಲಿ ಲಂಡನ್ನಿನ ಕಾರ್ಪ್ಯೂ ಅದೇ ವಿಧಾನದಿಂದ ಮೂಗು ಕಟ್ಟಿದ. ೧೮೧೮ರಲ್ಲಿ ಬರ್ಲಿನ್ನಿನ ಗ್ರೇಫೆ ಮೂಗಿನ ಚಿಕಿತ್ಸೆಯ ಬಗ್ಗೆ ಗ್ರಂಥ ಬರೆದ. ರೆಪ್ಪೆಯ ಚಿಕಿತ್ಸೆಗೆ ಈಗಿರುವ ‘ಬ್ಲೆಫರೋಪ್ಲಾಸ್ಟಿ’ ಎಂಬ ಹೆಸರು ಅದೇ ವರ್ಷ ಅವನಿಂದಲೇ ಬಂತು. ರೋಗದಿಂದ ಹಾಳಾದ ರೆಪ್ಪೆಯನ್ನು ಮತ್ತೆ ಕಟ್ಟುವುದು ಆಗ ಅದರ ಅರ್ಥವಾಗಿತ್ತು, ಚಂದದ ಮಾತು ಇನ್ನೂ ಬಂದಿರಲಿಲ್ಲ.

ಚಂದಕ್ಕಾಗಿ

ಅದು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಶಿಕಾಗೋದ ಚಾರ್ಲ್ಸ್ ಮಿಲ್ಲರ್ ೧೯೦೭ರಲ್ಲಿ ಸೌಂದರ್ಯದ ಶಸ್ತ್ರಚಿಕಿತ್ಸೆಯ ಬಗ್ಗೆಯೇ ಪುಸ್ತಕ ತಂದ. ಪ್ಯಾರಿಸಿನ ವೈದ್ಯೆ ಸುಝಾನ್ ನೋಯೆಲ್ ಅವರ ಪುಸ್ತಕ ೧೯೨೬ರಲ್ಲಿ ಬಂತು. ವಯಸ್ಸು ಕಂಡಿತೆಂದು ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಹೆಂಗಸರು ಅವರ ಬಳಿ ಬರುತ್ತಿದ್ದರು. ಆದ್ದರಿಂದ ಇದನ್ನು ಬರೀ ಶೋಕಿ ಎಂದು ನಗುವುದು ಸರಿಯಲ್ಲ. ೧೯೫೧ರಲ್ಲಿ ಕಸ್ಟಾನ್ಯಾರೆಸ್ ಎಂಬ ಅಮೆರಿಕದ ವೈದ್ಯ ರೆಪ್ಪೆಯೊಳಗಿನ ಕೊಬ್ಬಿನ ಗೂಡುಗಳನ್ನು ಗುರುತಿಸಿ ತೋರಿಸಿದ. ಆಮೇಲೆ ಕೊಬ್ಬನ್ನು ಧಾರಾಳವಾಗಿ ತೆಗೆಯುವ ರೂಢಿ ಬಂತು. ಕೆಲವರ ಕಣ್ಣು ಗುಳಿಬಿದ್ದು ಮೊದಲಿಗಿಂತ ಹೆಚ್ಚು ವಯಸ್ಸಾದಂತೆ ಕಂಡವು. ಈಗಿನ ವೈದ್ಯರು ಎಷ್ಟು ಉಳಿಸಬೇಕು ಎಂಬ ಹಳೆಯ ಲೆಕ್ಕಕ್ಕೇ ಮರಳಿದ್ದಾರೆ.

ಕೊಲ್ಲಿಯ ಕಣ್ಣು

ನಮ್ಮ ಊರಿನಲ್ಲೂ ಈ ನಾಡಿನಲ್ಲೂ ಕಣ್ಣಿನ ವೈದ್ಯವೆಂದರೆ ಮೊದಲು ದೃಷ್ಟಿ ಉಳಿಸುವ ಕೆಲಸ. ಬೆಂಗಳೂರಿನ ಮಿಂಟೋ ಆಸ್ಪತ್ರೆಯ ಕಟ್ಟಡ ೧೯೧೩ರದು. ಬೀಳಗಿಯ ಡಾ. ಎಂ. ಸಿ. ಮೋದಿ ಊರೂರಿಗೆ ಹೋಗಿ ನೇತ್ರಶಿಬಿರ ನಡೆಸಿ ೧೯೬೮ರಲ್ಲಿ ಪದ್ಮಭೂಷಣರಾದರು. ರೆಪ್ಪೆ ಒಳಕ್ಕೆ ತಿರುಗಿ ಕುರುಡು ತರುವ ಟ್ರಕೋಮಾ ರೋಗ ಅರಬ್ ನಾಡುಗಳನ್ನೂ ಭಾರತವನ್ನೂ ಬಹಳ ಕಾಲ ಕಾಡಿತ್ತು. ಅದು ಸಾರ್ವಜನಿಕ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ನೆರೆಯ ಒಮಾನಿಗೆ ೨೦೧೨ರಲ್ಲಿ, ಭಾರತಕ್ಕೆ ೨೦೨೪ರಲ್ಲಿ ದೃಢಪಡಿಸಿತು. ಈಜಿಪ್ಟಿನ ಯುದ್ಧದಿಂದ ಇದೇ ರೋಗ ಹೊತ್ತು ತಂದ ಸೈನಿಕರ ಕಾಲದಲ್ಲಿ, ೧೮೦೫ರಲ್ಲಿ, ಲಂಡನ್ನಿನಲ್ಲಿ ಹುಟ್ಟಿದ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆ ೨೦೦೭ರಲ್ಲಿ ದುಬೈ ಹೆಲ್ತ್‌ಕೇರ್ ಸಿಟಿಯಲ್ಲಿ ಶಾಖೆ ತೆರೆಯಿತು. ದೇರಾದ ಅಲ್ ಮಕ್ತೂಮ್ ಆಸ್ಪತ್ರೆ ೧೯೫೧ರಲ್ಲಿ ಆರಂಭವಾದಾಗ ಇಡೀ ದುಬೈಗೆ ಅದೇ ಮೊದಲ ಆಸ್ಪತ್ರೆಯಾಗಿತ್ತು ಎಂಬುದನ್ನು ನೆನೆದರೆ ಈ ಊರು ಎಷ್ಟು ಬೇಗ ಬೆಳೆಯಿತೆಂದು ತಿಳಿಯುತ್ತದೆ.

ಮಾಡಿಸಿಕೊಳ್ಳುವ ಮುನ್ನ

ಇಷ್ಟು ಇತಿಹಾಸದಿಂದ ನಮ್ಮ ಸದಸ್ಯರು ತಿಳಿಯಬೇಕಾದದ್ದು ಏನು?

ಮೊದಲನೆಯದಾಗಿ, ಜೋತುಬಿದ್ದ ರೆಪ್ಪೆಗೆಲ್ಲ ಒಂದೇ ಕಾರಣವಲ್ಲ. ಚರ್ಮ ಸಡಿಲವಾಗಿರಬಹುದು, ಹುಬ್ಬು ಇಳಿದಿರಬಹುದು, ರೆಪ್ಪೆ ಎತ್ತುವ ಸ್ನಾಯು ಸೋತಿರಬಹುದು, ಥೈರಾಯ್ಡ್ ತೊಂದರೆಯೂ ಇರಬಹುದು. ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ಹೊಂದುವುದಿಲ್ಲ. ನಮ್ಮವರಲ್ಲಿ ಹೆಚ್ಚಾಗಿ ಕಾಣುವ ಕಣ್ಣ ಸುತ್ತಿನ ಕಪ್ಪು ಚರ್ಮದ ಬಣ್ಣದಿಂದ ಬಂದದ್ದಾದರೆ ಈ ಶಸ್ತ್ರಚಿಕಿತ್ಸೆಯಿಂದ ಅದು ಹೋಗುವುದಿಲ್ಲ. ರೆಪ್ಪೆ ಇದ್ದಕ್ಕಿದ್ದಂತೆ ಇಳಿದರೆ, ಜೊತೆಗೆ ಎಲ್ಲವೂ ಎರಡೆರಡಾಗಿ ಕಂಡರೆ ಅಥವಾ ಒಂದು ಕಣ್ಣಿನ ಪಾಪೆ ದೊಡ್ಡದೋ ಚಿಕ್ಕದೋ ಆದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮಗುವಿನ ರೆಪ್ಪೆ ಹುಟ್ಟಿನಿಂದಲೇ ಇಳಿದಿದ್ದರೆ ‘ದೊಡ್ಡದಾದ ಮೇಲೆ ನೋಡೋಣ’ ಎನ್ನಬಾರದು. ಆ ಕಣ್ಣಿನ ದೃಷ್ಟಿಯೇ ಮಂದವಾಗಿ ಉಳಿದುಬಿಡಬಹುದು.

ಎರಡನೆಯದಾಗಿ, ನಾವಿರುವುದು ಧೂಳಿನ ನಾಡಿನಲ್ಲಿ, ದಿನವಿಡೀ ಏಸಿಯ ಒಣ ಗಾಳಿಯಲ್ಲಿ. ಕಣ್ಣು ಮೊದಲೇ ಒಣಗಿ ಉರಿಯುತ್ತಿದ್ದರೆ ಚಿಕಿತ್ಸೆಯ ನಂತರ ಅದು ಹೆಚ್ಚಬಹುದು. ಇದನ್ನು ವೈದ್ಯರಿಗೆ ತಪ್ಪದೆ ಹೇಳಿ, ಪರೀಕ್ಷೆ ಮಾಡಿಸಿ. ‘ಎಷ್ಟು ಚರ್ಮ ಬಿಡುತ್ತೀರಿ, ಕಣ್ಣು ಪೂರ್ತಿ ಮುಚ್ಚುತ್ತದೆಯೇ?’ ಎಂದು ಸಂಕೋಚವಿಲ್ಲದೆ ಕೇಳಿ. ಬಿಟ್ಟ ಚರ್ಮವನ್ನು ಮುಂದೆ ತೆಗೆಯಬಹುದು, ತೆಗೆದದ್ದನ್ನು ಮರಳಿ ತರುವುದು ಬಹಳ ಕಷ್ಟ.

ಮೂರನೆಯದಾಗಿ, ಆಸ್ಪಿರಿನ್ ಮುಂತಾದ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮುಂಚೆಯೇ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು. ಚಿಕಿತ್ಸೆಯ ನಂತರ ತೀವ್ರ ನೋವು ಬಂದು ದೃಷ್ಟಿ ಮಂಕಾದರೆ ಅದು ಕಣ್ಣಿನ ಹಿಂದಿನ ರಕ್ತಸ್ರಾವವಿರಬಹುದು. ಇದು ಅಪರೂಪ, ಆದರೆ ಬೆಳಗಾಗಲಿ ಎಂದು ಕಾಯುವಂಥದ್ದಲ್ಲ.

ನಾಲ್ಕನೆಯದಾಗಿ, ವೈದ್ಯರ ಪರವಾನಗಿ ನೋಡಿ. ದುಬೈಯಲ್ಲಿ ದುಬೈ ಹೆಲ್ತ್ ಅಥಾರಿಟಿ, ಅಬುಧಾಬಿಯಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಪರವಾನಗಿ ಕೊಡುತ್ತವೆ. ಚಂದಕ್ಕಾಗಿ ಮಾಡಿಸುವುದಕ್ಕೆ ಸಾಮಾನ್ಯವಾಗಿ ವಿಮೆ ದೊರೆಯುವುದಿಲ್ಲ. ರೆಪ್ಪೆ ದೃಷ್ಟಿಗೆ ಅಡ್ಡ ಬರುತ್ತಿದ್ದರೆ ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಿ ವಿಮೆಯವರನ್ನು ಮೊದಲೇ ಕೇಳಿ.

ಕೊನೆಯದಾಗಿ, ರಜೆಗೆ ಊರಿಗೆ ಹೋದಾಗ ಮಾಡಿಸುವ ಯೋಚನೆ ಇದ್ದರೆ ರಜೆಯ ಮೊದಲ ದಿನಗಳಲ್ಲೇ ಮಾಡಿಸಿ. ಹೊಲಿಗೆ ಬಿಚ್ಚಲು ಸುಮಾರು ಒಂದು ವಾರ, ಬಾವು ಮತ್ತು ಕಂದು ಕಲೆ ಇಳಿಯಲು ಎರಡು ವಾರ ಬೇಕು, ಪೂರ್ತಿ ರೂಪ ಕಾಣಲು ತಿಂಗಳುಗಳೇ ಹಿಡಿಯುತ್ತವೆ. ವಿಮಾನ ಹತ್ತುವ ಮುನ್ನ ಮಾಡಿದ ವೈದ್ಯರಿಗೇ ಇನ್ನೊಮ್ಮೆ ತೋರಿಸಿ, ಕಾಗದಪತ್ರಗಳನ್ನೆಲ್ಲ ಜೊತೆಗೆ ತನ್ನಿ.

ಮಾಡಿಸಿಕೊಳ್ಳುವವರಿಗೂ ಬೇಡವೆಂದು ಬಿಡುವವರಿಗೂ ನಮ್ಮ ಶುಭ ಹಾರೈಕೆಗಳು. ಎಲ್ಲರ ಕಣ್ಣೂ ತಂಪಾಗಿರಲಿ.