ಒಂದು ರಾತ್ರಿಯ ತಾಳಮದ್ದಳೆ, ಒಂದೇ ತಟ್ಟೆಯಲ್ಲಿ

ನೇತ್ರಾವತಿ ದಂಡೆಯ ನರಿಕೊಂಬು ಸೇರಿದ ಬಂಟ್ವಾಳ ಸೀಮೆ ತೆಂಕುತಿಟ್ಟಿನ ಯಕ್ಷಗಾನ, ತಾಳಮದ್ದಳೆಗಳ ನೆಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ಅರ್ಥಗಾರಿಕೆ ಕ್ಯಾಸೆಟ್ಟಿನ ಕಾಲದಲ್ಲಿ ಮನೆಮನೆಗೂ ಬಂತು. ಆದರೆ 90 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 45 ನಿಮಿಷ. ಕೃಷ್ಣ–ಕೌರವರ ವಾದ ಕಾವೇರುವಾಗಲೇ ಎದ್ದುಹೋಗಿ ಮಗುಚಬೇಕು! 1982ರಲ್ಲಿ ಬಂದ ಸಿ.ಡಿ.ಯೂ ಹಿಡಿಯುತ್ತಿದ್ದುದು ಸುಮಾರು 74 ನಿಮಿಷ.

ಈ ತೊಡಕು ಬಿಡಿಸಿದ್ದು ಎಂಪಿ3. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಬಹುಪಾಲು ರೂಪುಗೊಂಡ ಈ ವಿಧಾನದ ಕಡತಗಳಿಗೆ ಆ ಹೆಸರು ಅಂಟಿದ್ದು 1995ರಲ್ಲಿ. ದೊಡ್ಡ ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದನ್ನು ಕೈಬಿಡುವುದೇ ಅದರ ಗುಟ್ಟು. ಸೆಕೆಂಡಿಗೆ 128 ಕಿಲೋಬಿಟ್ ಲೆಕ್ಕದಲ್ಲಿ ಕಡತ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 700 ಎಂ.ಬಿ.ಯ ತಟ್ಟೆಯಲ್ಲಿ 12 ಗಂಟೆ, ಎಂದರೆ ಇಡೀ ರಾತ್ರಿಯ ಪ್ರಸಂಗ.

ಹಳೆಯ ಸಿ.ಡಿ. ಪ್ಲೇಯರಿಗೆ ಮಾತ್ರ ಈ ತಟ್ಟೆ ಅರ್ಥವಾಗದು. ಅದಕ್ಕೆ ಗೊತ್ತಿರುವುದು ಹಾಡಿನ ಜಾಡು, ಕಂಪ್ಯೂಟರಿನ ಕಡತವಲ್ಲ. ಕಡತವನ್ನು ಹುಡುಕಿ ಬಿಡಿಸುವ ಚಿಪ್ ವಿಸಿಡಿ, ಡಿವಿಡಿ ಪ್ಲೇಯರುಗಳಲ್ಲಿ ಸೇರಿದ ಮೇಲೆ, 2000ದ ನಂತರದ ವರ್ಷಗಳಲ್ಲಿ, ಟಿ.ವಿ. ಪಕ್ಕದ ಆ ಯಂತ್ರದಲ್ಲೇ ಭಾಗವತಿಕೆ ಕೇಳಿಸಿತು.

ನಷ್ಟವೂ ಉಂಟು. ಅರ್ಥಧಾರಿಯ ಮಾತು ಅಷ್ಟೇನೂ ಕೆಡುವುದಿಲ್ಲ. ಚೆಂಡೆಯ ಹರಿತ ಪೆಟ್ಟಿನ ಅಂಚು ಮಾತ್ರ ಮಸುಕಾಗಿ, ಪೆಟ್ಟು ಬೀಳುವ ಮುನ್ನವೇ ಅದರ ನೆರಳು ಕೇಳಿಸಬಹುದು. ಚಕ್ರತಾಳದ ತೀರಾ ಎತ್ತರದ ಝೇಂಕಾರ ಕತ್ತರಿಗೆ ಸಿಗುತ್ತದೆ. ಹೀಗೆ ಕೈಬಿಟ್ಟದ್ದು ಮರಳಿ ಬಾರದು. ಮನೆಯಲ್ಲಿ ಬರೆದ ತಟ್ಟೆಯ ಬಣ್ಣದ ಪದರವೂ ವರ್ಷಗಳು ಕಳೆದಂತೆ ಮಾಸುತ್ತದೆ. ಮೂಲ ಕ್ಯಾಸೆಟ್ಟು ಕಪಾಟಿನಲ್ಲಿ ಉಳಿದಿದ್ದರೆ ಇನ್ನೊಮ್ಮೆ ಪ್ರತಿ ತೆಗೆಯಬಹುದು.