ಕುಡ ಬದಲಾದರೂ ಕುಂಟೆ ಅದೇ

ಇಕ್ಕಳ, ಚಾಕುಗಳನ್ನು ಒಂದೇ ಹಿಡಿಕೆಯೊಳಗೆ ಮಡಚಿಡುವ ಲೆದರ್‌ಮನ್ ಸಾಧನ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1983ರಲ್ಲಿ. ಅಂಥ ಸಾಧನವನ್ನು ಬಿಚ್ಚಿ, ತಮ್ಮ ಕೆಲಸಕ್ಕೆ ಒಗ್ಗುವ ಬೇರೆ ಕತ್ತರಿ ಕೂಡಿಸುವವರನ್ನು ಕಂಡರೆ ಹೊಸ ಕಾಲದ ಶೋಕಿ ಎನ್ನುವವರಿದ್ದಾರೆ. ಸೇಡಂ, ಚಿತ್ತಾಪುರದ ಎರೆಹೊಲಗಳಿಂದ ಕುಂಚಾವರಂ ಕಾಡಂಚಿನವರೆಗಿನ ಒಕ್ಕಲುತನ ಬೇರೆಯದನ್ನೇ ಹೇಳುತ್ತದೆ. ಹೊಲ ಹರಗುವ ಕುಂಟೆಯನ್ನೇ ನೋಡಿ: ದಿಂಡು, ಈಸು, ಮೇಳಿ ಕಟ್ಟಿಗೆಯವು, ವರ್ಷಗಟ್ಟಲೆ ಬಾಳುವಂಥವು. ಕಬ್ಬಿಣದ ಕುಡ ಮಾತ್ರ ಸವೆಯುತ್ತದೆ. ಅದನ್ನು ಕಳಚಿ ಕುಲುಮೆಗೆ ಒಯ್ದು ಹಣಿಸುತ್ತಾರೆ, ಹಣಿಸಲು ಏನೂ ಉಳಿಯದಿದ್ದರೆ ಹೊಸದು ಹಾಕಿಸುತ್ತಾರೆ. ತೊಗರಿ ಸಾಲಿನ ನಡುವೆ ಎಡೆ ಹೊಡೆಯಲು ಸಣ್ಣ ಕುಡಗಳೇ ಬೇಕು.

ಬಡತನದ ರಿಪೇರಿಯನ್ನು ಕಸುಬಿನ ಜಾಣತನವೆಂದು ಹೊಗಳಬಾರದು ಎಂಬ ಆಕ್ಷೇಪವಿದೆ. ಆದರೆ ನೂರು ಎಕರೆಯ ಗೌಡನ ಕುಂಟೆಯ ಕುಡವೂ ಕಳಚುವಂಥದ್ದೇ, ಬಡವನ ಕುಂಟೆಯದೂ ಅಂಥದ್ದೇ. ಸವೆಯುವ ಭಾಗವನ್ನು ಬಾಳುವ ಭಾಗದಿಂದ ಬೇರೆ ಇಡುವುದು ಸಾಧನ ಮಾಡುವಾಗಲೇ ಆದ ತೀರ್ಮಾನ. ಅದನ್ನು ಊರ್ಜಿತವಾಗಿಟ್ಟದ್ದು ಆಯದ ಪದ್ಧತಿ ಎಂಬುದು ನನ್ನ ವಾದ. ಕಮ್ಮಾರನಿಗೆ ಕೆಲಸಕ್ಕಿಷ್ಟು ಎಂಬ ಕೂಲಿ ಇರಲಿಲ್ಲ, ಸುಗ್ಗಿಯಲ್ಲಿ ರಾಶಿಯಿಂದ ಕಾಳು ಸಿಗುತ್ತಿತ್ತು. ಸಾಧನ ಮತ್ತೆ ಮತ್ತೆ ಕುಲುಮೆಗೆ ಬಂದರೆ ಅವನಿಗೇ ಹೆಚ್ಚು ದುಡಿಮೆ, ಹಾಗಾಗಿ ಗಟ್ಟಿಯಾಗಿ ಮಾಡುವುದರಲ್ಲಿ ಅವನ ಹಿತವೂ ಇತ್ತು. ಆಯದಲ್ಲಿ ಜಾತಿಯ ಕಟ್ಟುಪಾಡಿತ್ತು, ಕಮ್ಮಾರ ಬೇಡವೆನ್ನುವ ಹಾಗಿರಲಿಲ್ಲ. ಅದು ಮರಳಿ ಬರುವುದು ಯಾರಿಗೂ ಬೇಡ. ಅದರೊಳಗಿದ್ದ ಲೆಕ್ಕಾಚಾರವನ್ನು ಮಾತ್ರ ಮರೆಯಬಾರದು. ರೊಕ್ಕದ ವ್ಯವಹಾರ ಬಂದ ಮೇಲೆ ಹಣಿಸುವುದಕ್ಕಿಂತ ಹೊಸದೇ ಅಗ್ಗವಾಗತೊಡಗಿತು.

ಕಮ್ಮಾರನಿಗೆ ಕಬ್ಬಿಣ ಬರುವ ದಾರಿಯೂ ಬದಲಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತು; ಮುಂದೆ ಶಹಾಬಾದ್, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳೂ ಅವುಗಳ ಹಿಂದೆ ಲಾರಿಗಳೂ ಬಂದವು. ಲಾರಿಯ ಮುರಿದ ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಕಮ್ಮಾರನ ಕೈಯಲ್ಲಿ ಕುಡುಗೋಲಾಗುತ್ತದೆ. ಮೀರತ್‌ನ ಹೆಸರಾಂತ ಕತ್ತರಿಗಳಿಗೂ ವಾಹನಗಳ ಗುಜರಿ ಉಕ್ಕೇ ಮೂಲ.

ಕುಡ ಒರಟು ಕೆಲಸ, ಕತ್ತರಿ ನಾಜೂಕಿನದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ಮಾತಿನಲ್ಲಿ ಸತ್ಯವಿದೆ. ಕತ್ತರಿಯ ಎರಡು ಅಲಗುಗಳು ತುಸು ಬಾಗಿರುತ್ತವೆ. ಮುಚ್ಚುವಾಗ ಒಂದೇ ಬಿಂದುವಿನಲ್ಲಿ ತಾಗಿ, ಆ ಬಿಂದು ತುದಿಯತ್ತ ಸರಿಯುತ್ತ ಹೋಗುತ್ತದೆ. ಒಂದು ಅಲಗು ಗಡಸು, ಇನ್ನೊಂದು ಮೆದುವಾದರೆ ಗಡಸಿನದು ಮೆದುವಿನದನ್ನು ತಿನ್ನುತ್ತದೆ. ರಿವೆಟ್ ಸಡಿಲಾದರೆ ಬಟ್ಟೆ ಕತ್ತರಿಸುವ ಬದಲು ಮಡಚಿಕೊಳ್ಳುತ್ತದೆ. ಆದ್ದರಿಂದ ಅಲಗುಗಳನ್ನು ಜೋಡಿಯಾಗಿಯೇ ಬದಲಿಸಬೇಕು, ರಿವೆಟ್ಟನ್ನು ಅಳತೆಗೆ ಬಡಿಯಬೇಕು. ಇದು ಬದಲಿಸುವ ಕೈಗೆ ಬೇಕಾದ ಎಚ್ಚರ, ಬದಲಿಸಬಾರದೆಂಬುದಕ್ಕೆ ಕಾರಣವಲ್ಲ. ಸ್ಕ್ರೂ ಹಾಕಿದ ಸಾಧನವನ್ನು ಕೊಂಡವನು ತೆರೆಯಬಲ್ಲ, ರಿವೆಟ್ ಬಡಿದು ಮುಚ್ಚಿದ್ದನ್ನು ತೆರೆಯಲು ರಿವೆಟ್ಟನ್ನೇ ಕೊರೆದು ತೆಗೆಯಬೇಕು. ಕತ್ತರಿ ಮೊಂಡಾದಾಗ ಇಡೀ ಸಾಧನ ಮೂಲೆ ಸೇರಬೇಕೋ ಬೇಡವೋ ಎಂಬುದು ಅಲ್ಲಿಯೇ, ಮಾಡುವವನ ಮೇಜಿನ ಮೇಲೆಯೇ, ತೀರ್ಮಾನವಾಗಿರುತ್ತದೆ.